ಹೆಸರು ತರೋದು ಆರ್‌ಎಕ್ಸ್, ಅನ್ನ ಹಾಕೋದು ಸ್ಪ್ಲೆಂಡರ್: ಬೈಕ್ ಹುಚ್ಚಿನವರ ಹೊಟ್ಟೆಪಾಡಿನ ಲೆಕ್ಕ

ಹುಣಸೂರು: ಭಾನುವಾರ ಬೆಳಿಗ್ಗೆ ಏಳು ಗಂಟೆ ಆಗ್ತಿದ್ದಂಗೆ ಮೈಸೂರು–ಮಡಿಕೇರಿ ರಸ್ತೆಯಲ್ಲಿ ಬೈಕ್‌ಗಳ ಸಾಲು ಶುರುವಾಗುತ್ತೆ. ಎರಡೂ ಕಡೆ ಬ್ಯಾಗ್ ಕಟ್ಟಿದ ಬುಲೆಟ್‌ಗಳು, ಎತ್ತರದ ಅಡ್ವೆಂಚರ್ ಬೈಕ್‌ಗಳು, ನಡುನಡುವೆ ಹೊಗೆ ಬಿಟ್ಟುಕೊಂಡು ಬರುವ ಒಂದೊಂದು ಹಳೇ ಯೆಜ್ಡಿ. ಹೋಟೆಲ್ ಮುಂದೆ ಹತ್ತು ಹದಿನೈದು ಗಾಡಿ ನಿಂತರೆ ಸಾಕು, ಇಡ್ಲಿ ಪಾತ್ರೆ ಖಾಲಿ. ಒಂಬತ್ತೂವರೆ ಹೊತ್ತಿಗೆ ಎಲ್ಲರೂ ಕೊಡಗಿನ ದಾರಿ ಹಿಡಿದಿರ್ತಾರೆ.

ಇವರನ್ನ ನೋಡಿದ ಊರಿನ ಹುಡುಗರ ತಲೆಯಲ್ಲಿ ಒಂದು ಪ್ರಶ್ನೆ ಏಳೋದು ಸಹಜ. ಇಷ್ಟೊಂದು ಬೈಕ್ ಹುಚ್ಚು ಇರೋ ಇವರು ಹೊಟ್ಟೆಪಾಡಿಗೆ ಏನು ಮಾಡ್ತಾರೆ? ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತೆ. ನಮಗೂ ಬೈಕ್ ಅಂದ್ರೆ ಪ್ರಾಣ, ಅದರಲ್ಲೇ ಬದುಕು ಕಟ್ಟಿಕೊಳ್ಳೋಕೆ ಆಗುತ್ತಾ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಭಾನುವಾರ ಕಾಣುವ ಸವಾರರಲ್ಲಿ ಹೆಚ್ಚಿನವರು ಬೈಕಿನಿಂದ ಒಂದು ರೂಪಾಯಿಯನ್ನೂ ದುಡಿಯೋದಿಲ್ಲ. ಸಾಫ್ಟ್‌ವೇರ್ ಕಂಪನಿ, ಬ್ಯಾಂಕ್, ಆಸ್ಪತ್ರೆ, ಎಸ್ಟೇಟ್, ಗುತ್ತಿಗೆ ಕೆಲಸ, ಸ್ವಂತ ಅಂಗಡಿ, ಹೀಗೆ ಅವರ ಸಂಪಾದನೆ ಬೇರೆ ಕಡೆ ಇದೆ. ವಾರವೆಲ್ಲ ದುಡಿದದ್ದನ್ನ ವಾರದ ಕೊನೆಗೆ ಬೈಕಿಗೆ ಸುರೀತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ಇಲ್ಲ. ಆದರೂ ಸರ್ವಿಸ್ ರಸ್ತೆ ಹಿಡಿದು ಬರ್ತಾರೆ ಅಂದ್ರೆ ಹುಚ್ಚಿಗೆ ಕಡಿವಾಣ ಇಲ್ಲ ಅಂತ ಅರ್ಥ.

ಎರಡನೇ ಪ್ರಶ್ನೆ ಕಷ್ಟದ್ದು. ಅದರ ಉತ್ತರ ಹೈವೇ ಹೋಟೆಲ್ ಮುಂದೆ ಸಿಗಲ್ಲ, ಪೇಟೆಯೊಳಗಿನ ಗ್ಯಾರೇಜ್‌ಗಳಲ್ಲಿ ಹುಡುಕಬೇಕು.

ಯಾದವಗಿರಿಯ ಋಣ

ಮೈಸೂರು ಸೀಮೆಗೂ ಬೈಕಿಗೂ ಹಳೇ ನಂಟು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಬೈಕ್ ತಯಾರಿಸೋಕೆ ಶುರು ಮಾಡ್ತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಅದನ್ನ ಉದ್ಘಾಟಿಸಿದ್ದರು. ಮೊದಲು ಜಾವಾ, ಆಮೇಲೆ ಯೆಜ್ಡಿ, 1978ರಿಂದ ರೋಡ್‌ಕಿಂಗ್. ಕಿಕ್ ಹೊಡೆಯೋ ಲಿವರನ್ನೇ ಮುಂದಕ್ಕೆ ತಿರುಗಿಸಿ ಗೇರ್ ಹಾಕೋ ಆ ಗಾಡಿ ಓಡಿಸಿದವರು ಈಗಲೂ ಪ್ರತಿ ಹಳ್ಳಿಯಲ್ಲಿ ಸಿಗ್ತಾರೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು.

ಕಾರ್ಖಾನೆ ಹೋದರೂ ಕೈಗಳು ಉಳಿದವು. ಅಲ್ಲಿ ದುಡಿದವರಲ್ಲಿ ಕೆಲವರು ಸ್ವಂತ ಗ್ಯಾರೇಜ್ ಇಟ್ಟರು, ಅವರ ಹತ್ತಿರ ಕಲಿತ ಹುಡುಗರು ಬೇರೆ ಬೇರೆ ಊರಿಗೆ ಹೋಗಿ ಶೆಡ್ ಹಾಕಿದರು. ಜುಲೈ ತಿಂಗಳ ಎರಡನೇ ಭಾನುವಾರ ಆಚರಿಸುವ ಜಾವಾ–ಯೆಜ್ಡಿ ದಿನಕ್ಕೆ ಮಿರಮಿರ ಮಿಂಚುವ ಗಾಡಿಗಳು ಸಾಲಾಗಿ ಹೊರಡ್ತವಲ್ಲ, ಆ ಹೊಳಪಿನ ಹಿಂದೆ ಇಂಥ ಕೈಗಳ ಕೆಲಸ ಇದೆ. ಗಾಡಿಯ ಮೇಲೆ ಕೂತವರ ಫೋಟೋ ಮೊಬೈಲ್‌ನಲ್ಲಿ ಓಡಾಡುತ್ತೆ, ರೆಡಿ ಮಾಡಿದವನ ಹೆಸರು ಅದರಲ್ಲಿ ಇರೋದು ಕಮ್ಮಿ.

ಕಾರ್ಖಾನೆ ಕೆಲಸ ಈಗಲೂ ಒಂದು ದಾರಿಯೇ. ಮೈಸೂರು–ನಂಜನಗೂಡು ರಸ್ತೆಯ ಕಡಕೊಳದ ಬಳಿ ಟಿವಿಎಸ್, ಕೋಲಾರದ ನರಸಾಪುರದಲ್ಲಿ ಹೋಂಡಾ ಗಾಡಿ ತಯಾರಿಸ್ತಿವೆ. ಬೈಕ್ ಮೇಲೆ ಪ್ರೀತಿ ಇಟ್ಟುಕೊಂಡು ಡಿಪ್ಲೊಮಾ, ಐಟಿಐ ಮಾಡಿದವರಿಗೆ ಇವು ತಿಂಗಳ ಸಂಬಳದ ಜಾಗಗಳು. ಆದರೆ ಅಲ್ಲಿ ಶಿಫ್ಟ್ ಪೂರ್ತಿ ಒಂದೇ ಬೋಲ್ಟ್ ಬಿಗಿಯೋ ಕೆಲಸವೂ ಸಿಗಬಹುದು. ಹುಚ್ಚಿಗೂ ಸಂಬಳಕ್ಕೂ ನಡುವೆ ಎಷ್ಟು ದೂರ ಅಂತ ಮೊದಲು ಗೊತ್ತಾಗೋದು ಅಲ್ಲೇ.

ಒಂದು ಗ್ಯಾರೇಜಿನ ಲೆಕ್ಕ

ಸದ್ಯ ಹುಡುಗರ ಕಣ್ಣು ಇರೋದು ಹಳೇ ಬೈಕ್ ಹೊಸದು ಮಾಡೋ ಕೆಲಸದ ಮೇಲೆ. ಯಮಹಾ ಆರ್‌ಎಕ್ಸ್ 100 ತಯಾರಾಗಿದ್ದು 1985ರಿಂದ 1996ರವರೆಗೆ ಮಾತ್ರ. ಇವತ್ತು ಚೆನ್ನಾಗಿ ರೆಡಿ ಮಾಡಿದ ಗಾಡಿಗೆ ಲಕ್ಷದ ಮೇಲೆ ಬೆಲೆ ಹೇಳೋರಿದ್ದಾರೆ. ರೋಡ್‌ಕಿಂಗ್‌ಗೂ ಅದೇ ಕಥೆ. ಗುಜರಿ ಬೆಲೆಗೆ ತಗೊಂಡು, ಬೋರ್ ಹೊಡೆಸಿ, ಪೇಂಟ್ ಮಾಡಿ, ಕ್ರೋಮ್ ಹಾಕಿಸಿ ಮಾರಿದರೆ ಭರ್ಜರಿ ಲಾಭ ಅನ್ನೋ ಮಾತು ಟೀ ಅಂಗಡಿಗಳಲ್ಲಿ ಓಡ್ತಾ ಇದೆ.

ಪೆನ್ನು ಹಿಡಿದು ಕೂತರೆ ಚಿತ್ರ ಬೇರೆ. ದರ ಊರಿಂದೂರಿಗೆ ಬದಲಾಗುತ್ತೆ, ಆದರೂ ಸುಮ್ಮನೆ ಒಂದು ಲೆಕ್ಕಕ್ಕೆ ಅಂತ ಇಟ್ಟುಕೊಳ್ಳೋಣ. ಒಬ್ಬ ಮೆಕ್ಯಾನಿಕ್ ದಿನಕ್ಕೆ ಐದು ಮಾಮೂಲಿ ಗಾಡಿ ಸರ್ವಿಸ್ ಮಾಡ್ತಾನೆ, ಒಂದಕ್ಕೆ ಕೂಲಿ ₹300. ತಿಂಗಳಿಗೆ 25 ದಿನ ಕೆಲಸ ಅಂದ್ರೆ ₹37,500. ಅಂಗಡಿ ಬಾಡಿಗೆ ₹5,000, ಹೆಲ್ಪರ್ ಹುಡುಗನಿಗೆ ₹9,000, ಕರೆಂಟು, ಟೂಲ್ಸ್, ವೇಸ್ಟ್ ಬಟ್ಟೆ, ಟೀ ಎಲ್ಲ ಸೇರಿ ₹3,500. ಖರ್ಚು ₹17,500 ಕಳೆದರೆ ಕೈಯಲ್ಲಿ ಉಳಿಯೋದು ₹20,000. ಆಯಿಲ್, ಬ್ರೇಕ್ ಶೂ, ಚೈನ್ ಸೆಟ್ ಮೇಲೆ ಸಿಗೋ ಅಷ್ಟಿಷ್ಟು ಲಾಭ ಇದರ ಮೇಲೆ.

ಈಗ ಅದೇ ಮೆಕ್ಯಾನಿಕ್ ಸ್ಪ್ಲೆಂಡರ್, ಆಕ್ಟಿವಾ ಎಲ್ಲ ಬಿಟ್ಟು ಹಳೇ ಬೈಕ್ ಮಾತ್ರ ರೆಡಿ ಮಾಡ್ತೀನಿ ಅಂತ ಕೂತ ಅಂದುಕೊಳ್ಳಿ. ಒಂದು ಗಾಡಿಗೆ ಕೂಲಿ ₹30,000 ಮಾತಾಡಿದ, ಮುಗಿಯೋಕೆ ಮೂರು ತಿಂಗಳು ಹಿಡೀತು. ಏಕಕಾಲಕ್ಕೆ ಎರಡು ಗಾಡಿ ಇಟ್ಟುಕೊಂಡರೂ ತಿಂಗಳಿಗೆ ಬಿದ್ದದ್ದು ₹20,000. ಖರ್ಚು ಅದೇ ₹17,500. ಉಳಿದದ್ದು ₹2,500.

ಮೂರು ತಿಂಗಳು ಯಾಕೆ ಅಂತ ಕೇಳಬಹುದು. ಕೆಲಸ ನಿಧಾನ ಆಗಿ ಅಲ್ಲ, ಸಾಮಾನು ಸಿಗದೆ. ಕ್ರ್ಯಾಂಕ್ ಬಿಚ್ಚಿ ಲೇತ್‌ಗೆ ಕಳಿಸಬೇಕು, ಟ್ಯಾಂಕ್ ಟಿಂಕರಿಂಗ್‌ಗೆ, ರಿಮ್ ಪ್ಲೇಟಿಂಗ್‌ಗೆ ಹೋಗಬೇಕು. ಒರಿಜಿನಲ್ ಕಾರ್ಬುರೇಟರ್ ಬೇಕು ಅಂತ ಗಿರಾಕಿ ಹಟ ಹಿಡೀತಾನೆ, ಅದಕ್ಕೆ ಫೋನ್ ಮಾಡಿ ಮಾಡಿ ಊರೂರು ಹುಡುಕಬೇಕು. ಅಷ್ಟೂ ದಿನ ಬಿಚ್ಚಿಟ್ಟ ಗಾಡಿ ಅಂಗಡಿಯ ಅರ್ಧ ಜಾಗ ತಿಂದಿರುತ್ತೆ. ಗಿರಾಕಿ ನಡುವೆ ಕೈ ಎತ್ತಿದರೆ ಆ ಗಾಡಿ ವರ್ಷಗಟ್ಟಲೆ ಮೂಲೆಯಲ್ಲೇ.

ಹಾಗಾಗಿ ಈ ಕೆಲಸದಲ್ಲಿ ಉಳಿದುಕೊಂಡವರ ಗ್ಯಾರೇಜ್ ಮುಂದೆ ನೋಡಿದರೆ ಒಂದು ಗುಟ್ಟು ಕಾಣುತ್ತೆ. ಒಳಗೆ ಮೂಲೆಯಲ್ಲಿ ಒಂದು ಆರ್‌ಎಕ್ಸ್ ಇರುತ್ತೆ, ಬಾಗಿಲಲ್ಲಿ ಸ್ಪ್ಲೆಂಡರ್‌ಗಳ ಸಾಲು ಇರುತ್ತೆ. ಹಾಲಿನ ಕ್ಯಾನ್ ಕಟ್ಟೋ ಗಾಡಿ, ಸ್ಕೂಲ್ ಮೇಷ್ಟ್ರ ಸ್ಕೂಟರ್, ಹೊಲಕ್ಕೆ ಗೊಬ್ಬರ ಸಾಗಿಸೋ ಎಕ್ಸ್‌ಎಲ್. ಆರ್‌ಎಕ್ಸ್ ಊರಾಚೆಗೂ ಹೆಸರು ತರುತ್ತೆ. ಬಾಡಿಗೆ ಕಟ್ಟೋದು, ಮಕ್ಕಳ ಫೀಸ್ ಕಟ್ಟೋದು ಬಾಗಿಲಲ್ಲಿರೋ ಗಾಡಿಗಳು.

ಕಾಗದ ಇಲ್ಲದ ಗಾಡಿ, ಕೈ ಸುಡೋ ಕೆಂಡ

ಹಳೇ ಬೈಕ್ ವ್ಯಾಪಾರದಲ್ಲಿ ಇಂಜಿನ್‌ಗಿಂತ ಹೆಚ್ಚು ಕೈ ಕೊಡೋದು ಕಾಗದ. ಹದಿನೈದು ವರ್ಷ ಆದ ಮೇಲೆ ಆರ್‌ಸಿ ನವೀಕರಣ ಮಾಡಿಸಬೇಕು, ಅದು ಐದು ವರ್ಷಕ್ಕೊಮ್ಮೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಬೈಕ್‌ಗಳ ನವೀಕರಣ ಶುಲ್ಕವನ್ನ ₹2,000ಕ್ಕೆ ಏರಿಸಿತು. ವಿಂಟೇಜ್ ಅಂತ ನೋಂದಣಿ ಮಾಡಿಸಿದರೆ ಆಯ್ತಲ್ಲ ಅನ್ನೋರು ನಿಯಮ ಓದಬೇಕು. 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ಆಗಿರಬೇಕು, ಶುಲ್ಕ ₹20,000, ಹತ್ತು ವರ್ಷಕ್ಕೆ ನೋಂದಣಿ. ಅಂಥ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೊದಲ ವರ್ಷದ ಆರ್‌ಎಕ್ಸ್ 100 ಕೂಡ ವಿಂಟೇಜ್ ಆಗೋದು 2035ಕ್ಕೆ.

ಆರ್‌ಸಿ ಕಳೆದುಹೋಗಿದೆ ಅಂತ ಅಗ್ಗಕ್ಕೆ ಸಿಗೋ ಗಾಡಿ ತಗೊಂಡವನು ಅದನ್ನ ಮಾರೋಕೂ ಆಗದೆ, ಓಡಿಸೋಕೂ ಆಗದೆ ಕೂರಬೇಕಾಗುತ್ತೆ. ಬೇರೆ ಗಾಡಿಯ ಚಾಸಿ ನಂಬರ್ ಕೊರೆಸಿ ದಾರಿ ಮಾಡಿಕೊಳ್ಳೋದಂತೂ ನೇರ ಪೊಲೀಸ್ ಠಾಣೆಯ ದಾರಿ. ಗಾಡಿ ಕದ್ದದ್ದಾಗಿದ್ದರೆ ರಿಪೇರಿಗೆ ಇಟ್ಟುಕೊಂಡ ಮೆಕ್ಯಾನಿಕ್ ಕೂಡ ಠಾಣೆಗೆ ಅಲೆದು ಉತ್ತರ ಕೊಡಬೇಕಾಗುತ್ತೆ. ಸ್ಪ್ಯಾನರ್ ಮುಟ್ಟೋಕೆ ಮುಂಚೆ ಆರ್‌ಸಿ ನೋಡಿ, ಫೋಟೋ ತೆಗೆದಿಟ್ಟುಕೊಳ್ಳೋದು ಜಾಣತನ.

ಸೈಲೆನ್ಸರ್ ಬದಲಿಸೋ ಕೆಲಸವೂ ಇಂಥದ್ದೇ. ಹುಡುಗರು ಬಂದು ಸೌಂಡ್ ಬರಬೇಕು ಅಣ್ಣಾ ಅಂತಾರೆ, ಹೇಳಿದಷ್ಟು ದುಡ್ಡೂ ಕೊಡ್ತಾರೆ. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಗಾಡಿ ಬದಲಾವಣೆ ಮಾಡಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ ₹5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪೊಲೀಸರು ಸೈಲೆನ್ಸರ್‌ಗಳನ್ನ ರಸ್ತೆ ಮೇಲೆ ಜೋಡಿಸಿ ರೋಡ್ ರೋಲರ್ ಹತ್ತಿಸಿದ ವಿಡಿಯೋಗಳನ್ನ ಎಲ್ಲರೂ ನೋಡಿದ್ದಾರೆ. ಇವತ್ತಿನ ಗಿರಾಕಿ ನಾಳೆ ದಂಡ ಕಟ್ಟಿ ಬಂದು ಅಂಗಡಿ ಮುಂದೆ ಜಗಳಕ್ಕೆ ನಿಲ್ಲೋದೂ ಉಂಟು.

ಬಾಡಿಗೆ, ರೇಸು, ಕ್ಯಾಮೆರಾ

ಕೊಡಗಿನ ಪ್ರವಾಸಿಗರನ್ನ ನಂಬಿ ಬೈಕ್ ಬಾಡಿಗೆಗೆ ಕೊಡೋ ಯೋಚನೆ ಮಾಡೋರಿದ್ದಾರೆ. ಇದಕ್ಕೆ 1997ರ ರೆಂಟ್ ಎ ಮೋಟಾರ್ ಸೈಕಲ್ ಯೋಜನೆ ಅನ್ವಯ ಆಗುತ್ತೆ. ಕನಿಷ್ಠ ಐದು ಬೈಕ್ ಇರಬೇಕು, ಲೈಸೆನ್ಸ್ ತಗೋಬೇಕು, ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದ ನಂಬರ್ ಇರಬೇಕು. ಮನೆಯ ಬಿಳಿ ಪ್ಲೇಟ್ ಗಾಡಿಯನ್ನ ದಿನಕ್ಕೆ ಇಷ್ಟು ಅಂತ ಕೊಟ್ಟು, ತಿತಿಮತಿ ತಿರುವಿನಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಳ್ಳಬಹುದು, ಪರಿಹಾರದ ಹೊರೆ ಮಾಲೀಕನ ಮನೆ ಬಾಗಿಲಿಗೆ ಬರಬಹುದು. ಐದು ಗಾಡಿಗೆ ಹಾಕೋ ಬಂಡವಾಳ, ಮಳೆಗಾಲದಲ್ಲಿ ಖಾಲಿ ಹೋಗೋ ತಿಂಗಳುಗಳು, ಎರಡನ್ನೂ ತೂಗಿ ನೋಡಿ ಇಳಿಯಬೇಕಾದ ವ್ಯಾಪಾರ ಇದು.

ರೇಸಿನಲ್ಲಿ ಹೆಸರು ಮಾಡಿದ ಕನ್ನಡ ನೆಲದವರು ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ ಅದೇ ರ‍್ಯಾಲಿಗೆ ಹೋದರು. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಕಂಪನಿಯೋ ಪ್ರಾಯೋಜಕರೋ ಬೆನ್ನಿಗೆ ನಿಲ್ಲದೆ ಈ ದಾರಿಯಲ್ಲಿ ಸಂಸಾರ ನಡೆಯಲ್ಲ, ಅಂಥ ಆಸರೆ ಸಿಗೋದು ಬೆರಳೆಣಿಕೆಯವರಿಗೆ. 2021ರ ಡಕಾರ್‌ನಲ್ಲಿ ಸಂತೋಷ್ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡಿದ್ದರು. ಎಲ್ಲ ಸೌಲಭ್ಯ ಇದ್ದ ಸವಾರನ ಸ್ಥಿತಿಯೇ ಹಾಗಾದರೆ, ಬೈಪಾಸ್‌ನಲ್ಲಿ ಹೆಲ್ಮೆಟ್ ಇಲ್ಲದೆ ವೀಲಿಂಗ್ ಮಾಡೋ ಹುಡುಗರು ಯೋಚನೆ ಮಾಡಬೇಕು.

ಹೆಲ್ಮೆಟ್‌ಗೆ ಕ್ಯಾಮೆರಾ ಕಟ್ಟಿ ವಿಡಿಯೋ ಹಾಕೋದು ಇತ್ತೀಚಿನ ದಾರಿ. ಪೆಟ್ರೋಲು, ಕ್ಯಾಮೆರಾ, ಗಾಡಿಯ ಕಂತು ಇವು ಮೊದಲ ದಿನದಿಂದ ಕೈಯಿಂದ ಹೋಗ್ತವೆ. ದುಡ್ಡು ಬಂದರೆ ಯಾವಾಗಲೋ ಬರುತ್ತೆ. ಇದರಲ್ಲೇ ಬದುಕೋರು ಇಲ್ಲ ಅಂತಲ್ಲ. ಮನೆಯಲ್ಲಿ ಇನ್ನೊಬ್ಬರ ಸಂಪಾದನೆ ಇದ್ದಾಗ ಮಾತ್ರ ಕಾಯೋಕೆ ಆಗುತ್ತೆ.

ನಿಜವಾದ ಆತಂಕ ಎಲ್ಲಿದೆ

ಇಷ್ಟೆಲ್ಲ ದಾರಿಗಳಿಗೂ ಬುಡದಲ್ಲಿ ಆಧಾರವಾಗಿ ನಿಂತಿರೋದು ಮಾಮೂಲಿ ಗಾಡಿಯ ರಿಪೇರಿ ಕೆಲಸ. ಈಗ ಅಲುಗಾಡ್ತಿರೋದೂ ಅದೇ.

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಬಹುತೇಕ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಕೂತಿತು. ಮುಂಚೆ ಗಾಡಿ ಎಳೆದಾಡಿದರೆ ಜೆಟ್ ಬಿಚ್ಚಿ ಊದಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಸರಿ ಮಾಡ್ತಿದ್ದರು. ಕಿವಿ ಕೊಟ್ಟು ಕೇಳಿದರೆ ರೋಗ ಗೊತ್ತಾಗ್ತಿತ್ತು. ಈಗ ಸೆನ್ಸರ್, ಇಸಿಯು, ಫ್ಯೂಯೆಲ್ ಪಂಪ್. ಮೀಟರ್‌ನಲ್ಲಿ ಇಂಜಿನ್ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿ ನೋಡಬೇಕು. ಸ್ಕ್ಯಾನರ್ ಇಲ್ಲದ ಅಂಗಡಿಯಿಂದ ಗಿರಾಕಿ ಸೀದಾ ಶೋರೂಮ್‌ಗೆ ಹೋಗ್ತಾನೆ.

ಅದರ ಹಿಂದೆ ಎಲೆಕ್ಟ್ರಿಕ್ ಸ್ಕೂಟರ್. ಅದಕ್ಕೆ ಇಂಜಿನ್ ಆಯಿಲ್ ಬೇಡ, ಪ್ಲಗ್ ಬೇಡ, ಕ್ಲಚ್ ಪ್ಲೇಟ್ ಬೇಡ, ಬೋರ್ ಹೊಡೆಸೋ ಮಾತೇ ಇಲ್ಲ. ತಾಲ್ಲೂಕು ಗ್ಯಾರೇಜಿಗೆ ಉಳಿಯೋದು ಟೈರು, ಬ್ರೇಕು, ಬೇರಿಂಗು. ಬ್ಯಾಟರಿ, ಕಂಟ್ರೋಲರ್ ಕೆಟ್ಟರೆ ಕಂಪನಿಗೇ ಹೋಗಬೇಕು. ಮೆಕ್ಯಾನಿಕ್ ಒಬ್ಬನಿಗೇ ಏಟು ಬೀಳೋದಲ್ಲ. ಆಯಿಲ್ ಮಾರೋ ಸ್ಪೇರ್ ಪಾರ್ಟ್ಸ್ ಅಂಗಡಿ, ಲೇತ್ ಇಟ್ಟವರು, ಪಕ್ಕದ ಟೀ ಅಂಗಡಿ ಎಲ್ಲರಿಗೂ ತಟ್ಟುತ್ತೆ.

ಒಂದು ಕಡೆ ಸ್ವಲ್ಪ ಉಸಿರು ಸಿಕ್ಕಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಬಿಡಿಭಾಗಗಳಿಗೂ ಶೇ 18 ಆಯ್ತು. 350 ಸಿಸಿ ಮೇಲ್ಪಟ್ಟ ಗಾಡಿಗಳಿಗೆ ಮಾತ್ರ ಶೇ 40. ಅಂದ್ರೆ ಭಾನುವಾರದ ದೊಡ್ಡ ಬೈಕ್ ತುಟ್ಟಿ ಆಯ್ತು, ಸೋಮವಾರದ ಸಣ್ಣ ಬೈಕ್ ಅಗ್ಗ ಆಯ್ತು. ತಾಲ್ಲೂಕಿನ ಗ್ಯಾರೇಜಿಗೆ ಬೇಕಾಗಿರೋದು ಸಣ್ಣ ಬೈಕೇ. ಆದರೆ ಹೊಸ ಗಾಡಿಯ ಮೊದಲ ಸರ್ವಿಸ್‌ಗಳು ಶೋರೂಮ್ ಪಾಲು, ಹೊರಗಿನ ಗ್ಯಾರೇಜಿಗೆ ಬರೋಕೆ ವಾರಂಟಿ ಮುಗಿಯೋವರೆಗೆ ಕಾಯಬೇಕು.

ಇನ್ನೊಂದು ಕೊರತೆ ಕೆಲಸಗಾರರದ್ದು. ಹಿಂದೆ ಹತ್ತು ಹನ್ನೆರಡು ವರ್ಷದ ಹುಡುಗರು ಸ್ಪ್ಯಾನರ್ ಎತ್ತಿಕೊಡ್ತಾ ಕಲೀತಿದ್ದರು. 14 ವರ್ಷದೊಳಗಿನ ಮಕ್ಕಳನ್ನ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಅದು ಸರಿಯಾದ ಕಾನೂನೇ. ಆದರೆ ಕಲಿಕೆಯ ಆ ಹಳೇ ದಾರಿ ಮುಚ್ಚಿದ ಮೇಲೆ ಹೊಸ ದಾರಿ ಹಳ್ಳಿ ಹುಡುಗನಿಗೆ ತೋರಿಸೋರು ಕಡಿಮೆ. ಹತ್ತನೇ ಕ್ಲಾಸ್ ಮುಗಿಸಿ ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿತು, ಆಮೇಲೆ ಒಳ್ಳೇ ಗ್ಯಾರೇಜಿನಲ್ಲಿ ಎರಡು ವರ್ಷ ಕೈ ಮಸಿ ಮಾಡಿಕೊಂಡರೆ ಇಂಜೆಕ್ಷನ್ ಗಾಡಿಗೂ ಹೆದರಬೇಕಿಲ್ಲ.

ಕೈಗೆಟುಕುವ ನೆರವು

ಕುಲಕಸುಬುಗಳಿಗೆ ಇರುವ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಕಮ್ಮಾರರು, ಟೈಲರ್‌ಗಳು, ಬೀಗ ಮಾಡೋರು ಇದ್ದಾರೆ, ಬೈಕ್ ಮೆಕ್ಯಾನಿಕ್ ಇಲ್ಲ. ಅದಕ್ಕೆ ಅರ್ಜಿ ಹಾಕಿ ಅಲೆಯೋದು ವ್ಯರ್ಥ. ಸ್ಕ್ಯಾನರ್, ಏರ್ ಕಂಪ್ರೆಸರ್‌ನಂಥ ಸಾಮಾನಿಗೆ ಮುದ್ರಾ ಸಾಲ ಕೇಳಬಹುದು. ಶಿಶು ವಿಭಾಗದಲ್ಲಿ ₹50,000ವರೆಗೆ, ಕಿಶೋರ್‌ನಲ್ಲಿ ₹5 ಲಕ್ಷದವರೆಗೆ, ಅಡಮಾನ ಇಲ್ಲದೆ.

ರಾಜ್ಯದಲ್ಲಿ ಎರಡು ಕಡೆ ಮೆಕ್ಯಾನಿಕ್‌ಗಳ ಹೆಸರಿದೆ. ಅಸಂಘಟಿತ ಕಾರ್ಮಿಕರ ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತ ಯೋಜನೆಯ ವರ್ಗಗಳಲ್ಲಿ ಮೆಕ್ಯಾನಿಕ್ ಸೇರಿದ್ದಾರೆ. ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತ 2024ರಲ್ಲಿ ಬಂದ ರಾಜ್ಯದ ಕಾಯ್ದೆ ಡ್ರೈವರ್‌ಗಳ ಜೊತೆ ಗ್ಯಾರೇಜ್ ಕೆಲಸಗಾರರನ್ನೂ ಒಳಗೊಂಡಿದೆ. ಈ ನಿಧಿಗಾಗಿ ಹೊಸ ದ್ವಿಚಕ್ರ ವಾಹನ ನೋಂದಣಿ ಮಾಡಿಸುವಾಗ ₹500 ಸೆಸ್ ಕಟ್ಟಿಸಿಕೊಳ್ತಾರೆ. ಅಂದ್ರೆ ಊರಿನಲ್ಲಿ ಯಾರೇ ಹೊಸ ಗಾಡಿ ತಗೊಂಡರೂ ಮೆಕ್ಯಾನಿಕ್‌ನ ಪಾಲಿನ ದುಡ್ಡು ಅದರಲ್ಲಿ ಹೋಗ್ತಾ ಇದೆ. ಹೆಸರು ನೋಂದಾಯಿಸಿಕೊಳ್ಳದಿದ್ದರೆ ಅದು ವಾಪಸ್ ಬರಲ್ಲ. ತಾಲ್ಲೂಕು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಒಂದು ಸಲ ಹೋಗಿ ವಿಚಾರಿಸೋದಕ್ಕೆ ಅರ್ಧ ದಿನದ ಕೂಲಿ ಹೋದರೂ ನಷ್ಟ ಇಲ್ಲ.

ಊರಿನವರ ಕೈಯಲ್ಲಿರೋದು ಇನ್ನೂ ಸಣ್ಣ ವಿಷಯ. ಈ ಭಾಗದ ಗ್ಯಾರೇಜ್‌ಗಳ ಉದ್ರಿ ಪುಸ್ತಕ ತೆಗೆದರೆ ಒಂದೇ ಮಾತು, ಹೊಗೆಸೊಪ್ಪಿನ ಮಾರ್ಕೆಟ್ ಶುರುವಾಗಲಿ ಕೊಡ್ತೀನಿ. ಹರಾಜು ಶುರುವಾಗೋವರೆಗೆ ಮೆಕ್ಯಾನಿಕ್ ಸ್ಪೇರ್ ಪಾರ್ಟ್ಸ್ ಅಂಗಡಿಯವರ ಹತ್ತಿರ ಸಾಲ ಹೇಳ್ತಾನೆ, ಅಂಗಡಿಯವರು ಹೋಲ್‌ಸೇಲ್‌ನವರ ಹತ್ತಿರ. ರೈತನ ಕಷ್ಟವೂ ನಿಜ. ಪೂರ್ತಿ ಆಗದಿದ್ದರೆ ಸಾಮಾನಿನ ದುಡ್ಡನ್ನಾದರೂ ಅವತ್ತೇ ಕೊಟ್ಟರೆ ಆ ಸರಪಳಿ ಅಷ್ಟರ ಮಟ್ಟಿಗೆ ಸಡಿಲ ಆಗುತ್ತೆ.

ಬೈಕ್ ಹುಚ್ಚಿರೋ ಹುಡುಗನಿಗೆ ಈ ಕಸುಬು ಬೇಡ ಅಂತ ಯಾರೂ ಹೇಳಬೇಕಿಲ್ಲ. ಹುಚ್ಚು ಇಲ್ಲದವನು ಬಿಸಿಲಲ್ಲಿ ಕೂತು ಇಂಜಿನ್ ಇಳಿಸೋಕೂ ಆಗಲ್ಲ. ಆದರೆ ಆರ್‌ಎಕ್ಸ್‌ನಿಂದ ಶುರು ಮಾಡ್ತೀನಿ ಅಂದ್ರೆ ಆರು ತಿಂಗಳಲ್ಲಿ ಶೆಡ್ ಖಾಲಿ ಮಾಡಬೇಕಾಗಬಹುದು. ಸ್ಪ್ಲೆಂಡರ್‌ನಿಂದ ಶುರು ಮಾಡಿ, ಸ್ಕ್ಯಾನರ್ ಕಲಿತು, ಬಾಡಿಗೆ ಕಟ್ಟೋ ಧೈರ್ಯ ಬಂದ ಮೇಲೆ ಮೂಲೆಯಲ್ಲಿ ಒಂದು ಆರ್‌ಎಕ್ಸ್ ಇಟ್ಟುಕೊಂಡರೆ ಹುಚ್ಚೂ ಉಳಿಯುತ್ತೆ, ಅನ್ನವೂ ಸಿಗುತ್ತೆ.

ಭಾನುವಾರದ ಸವಾರರು ಸಂಜೆ ಹೊತ್ತಿಗೆ ಬೆಂಗಳೂರಿನ ದಾರಿ ಹಿಡೀತಾರೆ. ಸೋಮವಾರ ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಗ್ಯಾರೇಜ್ ಮುಂದೆ ಹಾಲಿನವರ ಗಾಡಿ ಬಂದು ನಿಂತಿರುತ್ತೆ, ಚೈನ್ ಕಿತ್ತುಕೊಂಡು. ಡೈರಿಗೆ ಹೊತ್ತಾಯ್ತು, ಬೇಗ ನೋಡು ಅಂತ ಅವಸರ ಮಾಡ್ತಾರೆ. ಮೆಕ್ಯಾನಿಕ್‌ನ ವಾರ ಶುರುವಾಗೋದು ಆ ಗಾಡಿಯಿಂದ.